ತಾತನ ಕೋವಿಗೆ 70 ಮಿಲಿಮೀಟರ್ ತೋಟಾ: ಒಂದು ಪ್ರಕರಣ ಅಧ್ಯಯನ

ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಇನ್ನು ಹತ್ತು ದಿನ ಇರುವಾಗ, ದಕ್ಷಿಣ ಕೊಡಗಿನ ನಮ್ಮ ಊರಿನ ಇಪ್ಪತ್ತಾರು ವರ್ಷದ ಹುಡುಗನೊಬ್ಬ ತನ್ನ ತಾತನ ಜೋಡುನಳಿಗೆ ಕೋವಿಯನ್ನೂ ಮೂರು ಪೆಟ್ಟಿಗೆ ತೋಟಾಗಳನ್ನೂ ತಂದು ನನ್ನ ಜಗಲಿಯ ಮೇಜಿನ ಮೇಲಿಟ್ಟು, ‘ಮೇಷ್ಟ್ರೇ, ತೆಂಗಿನಕಾಯಿಗೆ ಇದರಲ್ಲಿ ಯಾವುದು ಹೊಡೆಯಲಿ?’ ಎಂದು ಕೇಳಿದ. ಕೇಳಿದ್ದು ಒಂದೇ ಪ್ರಶ್ನೆಯಾದರೂ ಅದರೊಳಗೆ ಎರಡು ಪ್ರಶ್ನೆಗಳಿದ್ದವು. ಈ ಕೋವಿಯಲ್ಲಿ ಯಾವ ತೋಟಾವನ್ನು ಹಾರಿಸಬಹುದು ಎಂಬುದು ಮೊದಲನೆಯದು. ಹಾರಿಸಿದರೆ ಯಾವುದು ಗುರಿಗೆ ತಾಗೀತು ಎಂಬುದು ಎರಡನೆಯದು. ಹುಡುಗನ ಗಮನವೆಲ್ಲ ಎರಡನೆಯದರ ಮೇಲಿತ್ತು. ಕೋವಿಯೂ 12 ಬೋರ್, ತೋಟಾಗಳೂ 12 ಬೋರ್ ಆಗಿದ್ದುದರಿಂದ ಮೊದಲನೆಯದನ್ನು ಅವನು ಪ್ರಶ್ನೆಯೆಂದೇ ಎಣಿಸಿರಲಿಲ್ಲ.

ನಾನು ಕೋವಿ ರಿಪೇರಿ ಮಾಡುವವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಊರಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ, ಕೋವಿಗಳನ್ನೂ ತೋಟಾಗಳನ್ನೂ ನೋಡಿ ಒಪ್ಪಿಗೆ ಕೊಡುವ ಮೇಜು ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆ ಮೇಜಿನ ಮುಂದೆ ಕುಳಿತವನಿಗೆ ಮೊದಲು ತಿಳಿಯುವ ಸಂಗತಿಯೆಂದರೆ, ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಕೋವಿ ಇರುವವರಲ್ಲೂ ಬಹಳ ಮಂದಿ ತೋಟಾದ ಮೇಲೆ ಅಚ್ಚಾದ ಅಂಕಿಗಳಲ್ಲಿ ಒಂದನ್ನು ಮಾತ್ರ ಓದುತ್ತಾರೆ ಎಂಬುದು.

ಕೊಡಗಿನಲ್ಲಿ ಕೋವಿ ಮನೆಯ ಒಂದು ಆಳಿನಂತೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಈಡು. 1959ರ ಆಯುಧ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಹಾಗಾಗಿ ಇಂದಿನ ಬಹುತೇಕ ಕೋವಿಗಳು ವರ್ಷದಲ್ಲಿ ಮಾತಾಡುವುದು ನಾಲ್ಕೈದು ಸಲ ಮಾತ್ರ. ಮೈಗೆ ಎಣ್ಣೆ ಹಚ್ಚಿ ಇಟ್ಟ ಕೋವಿ ಚೆನ್ನಾಗಿಯೇ ಉಳಿಯುತ್ತದೆ. ಅದನ್ನು ಹಾರಿಸುವ ತಿಳಿವಳಿಕೆ ಮಾತ್ರ ತಾತನ ಜೊತೆಗೇ ಹೊರಟುಹೋಗಿರುತ್ತದೆ. ಈ ಪ್ರಕರಣದಲ್ಲಿ ಆದದ್ದೂ ಅಷ್ಟೇ.

ಮೇಜಿನ ಮೇಲಿದ್ದ ವಸ್ತುಗಳು

ಕೋವಿ ಬರ್ಮಿಂಗ್ಹ್ಯಾಮಿನಲ್ಲಿ ತಯಾರಾದದ್ದು, ಅಕ್ಕಪಕ್ಕ ಎರಡು ನಳಿಗೆಯದ್ದು, 1950ರ ದಶಕದ ಕೊನೆಯಲ್ಲಿ ತಾತ ಕೊಂಡದ್ದು. ಹುಡುಗ ನನ್ನ ಬಳಿಗೆ ಬಂದ ವರ್ಷವೇ ಅದರ ದಾಖಲೆ ಅವನ ಹೆಸರಿಗೆ ವರ್ಗವಾಗಿತ್ತು. ಕೋವಿಯನ್ನು ಮುರಿದು, ಎಂದರೆ ಕೀಲಿನ ಬಳಿ ಮಡಚಿ ತೆರೆದು, ಖಾಲಿಯೆಂದು ಖಚಿತಪಡಿಸಿಕೊಂಡು, ನಳಿಗೆಗಳನ್ನು ಬೇರ್ಪಡಿಸಿ ಅಡಿಮೇಲು ಮಾಡಿದರೆ, ಹಿಂಬದಿಯ ಚಪ್ಪಟೆ ಭಾಗದಲ್ಲಿ ಮುದ್ರೆಗಳು ಸ್ಪಷ್ಟವಾಗಿದ್ದವು: ಕಿರೀಟದ ಕೆಳಗೆ ‘ಬಿಎನ್‌ಪಿ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು, ‘12’, ‘.729’, ‘2½’, ಮತ್ತು ಚದರ ಇಂಚಿಗೆ ‘3 ಟನ್’. ಅಲ್ಲಿನ ಪ್ರೂಫ್ ಹೌಸ್, ಎಂದರೆ ಮಾರಾಟಕ್ಕೆ ಮುಂಚೆ ಪ್ರತಿ ನಳಿಗೆಯನ್ನೂ ಹೆಚ್ಚು ಒತ್ತಡದ ತೋಟಾದಿಂದ ಪರೀಕ್ಷಿಸುವ ಸಂಸ್ಥೆ, ಒತ್ತಿದ ಮುದ್ರೆಗಳಿವು. ಹೊಗೆರಹಿತ ಮದ್ದಿಗೆ ಈ ನಳಿಗೆ ತಾಳುತ್ತದೆ ಎಂದು ಮೊದಲನೆಯ ಮುದ್ರೆ ಹೇಳುತ್ತದೆ. ಉಳಿದ ಅಂಕಿಗಳ ಅರ್ಥ ಮುಂದೆ ಬರುತ್ತದೆ.

ತೋಟಾಗಳಲ್ಲಿ ಒಂದು ಪೆಟ್ಟಿಗೆ ತಾತನ ಕಾಲದ್ದು. ಕಾಗದದ ಕವಚ, ಬಾಯಿಗೆ ರಟ್ಟಿನ ಬಿಲ್ಲೆ ಕೂರಿಸಿ ಅಂಚನ್ನು ಸುರುಳಿ ಸುತ್ತಿದ ಹಳೆಯ ಬಗೆ, ಬಿಲ್ಲೆಯ ಮೇಲೆ ‘4’ ಎಂದು ಅಚ್ಚಾಗಿತ್ತು. ಕೊಡಗಿನ ಮಳೆಗಾಲಗಳನ್ನು ಕಂಡು ಕೆಲವು ಉಬ್ಬಿದ್ದವು, ಹಿತ್ತಾಳೆಯ ತಳ ಹಸಿರುಗಟ್ಟಿತ್ತು. ಇನ್ನೆರಡು ಪೆಟ್ಟಿಗೆಗಳನ್ನು ಹುಡುಗ ಆ ವಾರ ಪರವಾನಗಿ ಇರುವ ಅಂಗಡಿಯಿಂದ ತನ್ನ ವಿನಾಯಿತಿ ಪತ್ರ ತೋರಿಸಿ ತಂದಿದ್ದ. ಎರಡೂ ಪ್ಲಾಸ್ಟಿಕ್ ಕವಚದ 70 ಮಿಲಿಮೀಟರ್ ತೋಟಾಗಳು. ಒಂದರಲ್ಲಿ ಎಲ್‌ಜಿ, ಇನ್ನೊಂದರಲ್ಲಿ ಬಿಬಿ ಗಾತ್ರದ ಚರೆ, ಎಂದರೆ ತೋಟಾದೊಳಗೆ ತುಂಬುವ ಸೀಸದ ಗೋಲಿ. ನಮ್ಮ ಕಡೆ ಅಂಗಡಿಗಳಿಗೆ ಬರುವ 12 ಬೋರ್ ತೋಟಾಗಳಲ್ಲಿ ಬಹುಪಾಲು ಪುಣೆಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಸರ್ಕಾರಿ ಮದ್ದುಗುಂಡು ಕಾರ್ಖಾನೆಯವು; 2021ರಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ವಿಸರ್ಜನೆಯಾದ ಮೇಲೆ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು. ಅಂಗಡಿಯವರು ‘12 ಬೋರ್ ತಾನೇ?’ ಎಂದಷ್ಟೇ ಕೇಳಿದ್ದರು. ಇವನು ಹೌದೆಂದಿದ್ದ. ಅವರು ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನು ಕೇಳಿರಲಿಲ್ಲ, ಇವನಿಗೆ ಅದು ಗೊತ್ತಿರಲಿಲ್ಲ.

ಬೋರ್ ಎಂಬ ಅಂಕಿಯಿಂದಲೇ ಮಾತು ಆರಂಭಿಸಬೇಕಾಯಿತು. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದೂ 37.8 ಗ್ರಾಂ ತೂಗುತ್ತದೆ, ಅದರ ಅಡ್ಡಗಲ 18.5 ಮಿಲಿಮೀಟರ್ ಬರುತ್ತದೆ. ಆ ಗುಂಡು ಸರಿಯಾಗಿ ಹಿಡಿಯುವ ನಳಿಗೆಯೇ 12 ಬೋರ್, ಕೋವಿಯ ಮೇಲಿದ್ದ .729 ಎಂಬುದು ಅದೇ ಅಳತೆ ಇಂಚಿನಲ್ಲಿ. ಇಪ್ಪತ್ತು ಭಾಗ ಮಾಡಿದರೆ ಗುಂಡು ಚಿಕ್ಕದಾಗಿ 15.6 ಮಿಲಿಮೀಟರಿನ 20 ಬೋರ್ ಆಗುತ್ತದೆ. ಅಂಕಿ ಏರಿದಂತೆ ನಳಿಗೆ ಕಿರಿದಾಗುವ ಈ ತಲೆಕೆಳಗಿನ ಲೆಕ್ಕ ಹೊಸಬರನ್ನು ಕೆಡಿಸುವುದುಂಟು. .410 ಮಾತ್ರ ಈ ಸಾಲಿಗೆ ಸೇರದು. ಅದು ನೇರವಾಗಿ ಇಂಚಿನಲ್ಲಿ ಹೇಳಿದ ಅಡ್ಡಗಲ, ಎಂದರೆ 10.4 ಮಿಲಿಮೀಟರ್. ಬೋರ್ ತಿಳಿಸುವುದು ಅಗಲವನ್ನು ಮಾತ್ರ. ಉದ್ದವನ್ನಾಗಲಿ, ಮದ್ದಿನ ಬಿರುಸನ್ನಾಗಲಿ, ಒಳಗಿನ ಚರೆಗಳ ಗಾತ್ರವನ್ನಾಗಲಿ ಅದು ಹೇಳುವುದಿಲ್ಲ. ಪೆಟ್ಟಿಗೆಯ ಬಣ್ಣವಾಗಲಿ, ತಳದ ಹಿತ್ತಾಳೆ ಎಷ್ಟು ಎತ್ತರಕ್ಕೆ ಬಂದಿದೆ ಎಂಬುದಾಗಲಿ ಬಿರುಸಿಗೆ ಸಾಕ್ಷಿಯಲ್ಲ. ಈ ಎರಡನ್ನೂ ನಂಬುವವರು ನಮ್ಮೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಉದ್ದದ ಪ್ರಶ್ನೆ

ಕೋವಿಯ ಮೇಲಿನ ‘2½’ ಎಂಬುದು ಚೇಂಬರಿನ ಉದ್ದ; ತೋಟಾ ಕೂರುವ ಜಾಗ ಎರಡೂವರೆ ಇಂಚು, ಮಿಲಿಮೀಟರಿನಲ್ಲಿ 65. ಹುಡುಗ ತಂದ ಹೊಸ ತೋಟಾಗಳು 70, ಎಂದರೆ ಎರಡೂಮುಕ್ಕಾಲು ಇಂಚು. ಇದನ್ನು ಹೇಳಿದಾಗ ಅವನು ನಂಬಲಿಲ್ಲ. ಮನೆಯಲ್ಲಿ ಆಗಲೇ ಒಂದನ್ನು ತುಂಬಿ ನೋಡಿದ್ದನಂತೆ. ಸಲೀಸಾಗಿ ಒಳಗೆ ಹೋಯಿತು, ಕೋವಿ ಸರಾಗವಾಗಿ ಮುಚ್ಚಿತು. ‘ಉದ್ದವಾಗಿದ್ದರೆ ಮುಚ್ಚುತ್ತಲೇ ಇರಲಿಲ್ಲವಲ್ಲ ಮೇಷ್ಟ್ರೇ?’ ಎಂದು ಕೇಳಿದ. ತರ್ಕ ಸರಿಯಾಗಿಯೇ ಇತ್ತು. ಅವನು ಹಳೆಯ ಕಾಗದದ ತೋಟಾವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ತೋರಿಸಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ ಇದ್ದವು, ಆರು ಸೆಂಟಿಮೀಟರಿಗಿಂತ ಕೊಂಚ ಕಡಿಮೆ. ಒಂದು 65, ಇನ್ನೊಂದು 70 ಎಂದು ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ.

ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ. ತೋಟಾದ ಮೇಲೆ ಅಚ್ಚಾಗುವ ಉದ್ದ ಹಾರಿಸುವ ಮುಂಚಿನದಲ್ಲ, ಹಾರಿಸಿ ಬಾಯಿ ಪೂರ್ತಿ ತೆರೆದುಕೊಂಡ ಮೇಲಿನದು. ಹಳೆಯ ತೋಟಾದ ಅಂಚನ್ನು ಸುರುಳಿ ಸುತ್ತಲು ಐದಾರು ಮಿಲಿಮೀಟರ್ ಕವಚ ಸಾಕು. ಹೊಸ ತೋಟಾದ ಬಾಯನ್ನು ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿ ಒಳಗೆ ಮಡಚಿ ಮುಚ್ಚುವುದರಿಂದ ಹನ್ನೊಂದು ಹನ್ನೆರಡು ಮಿಲಿಮೀಟರ್ ಅದರಲ್ಲಿ ಅಡಗಿಹೋಗುತ್ತದೆ. ಎರಡೂ ಮೇಜಿನ ಮೇಲೆ ಸಮವಾಗಿ ನಿಲ್ಲುವುದು ಇದರಿಂದಲೇ. ವ್ಯತ್ಯಾಸ ಹೊರಬೀಳುವುದು ಕೇಪಿಗೆ ಪೆಟ್ಟು ಬಿದ್ದ ಮೇಲೆ, ಅದೂ ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ.

ಚೇಂಬರ್ ಮುಗಿದಲ್ಲಿಂದ ನಳಿಗೆ ಒಮ್ಮೆಲೇ ಕಿರಿದಾಗುವುದಿಲ್ಲ. ಸುಮಾರು 20.3 ಮಿಲಿಮೀಟರಿನಿಂದ 18.5ಕ್ಕೆ ಇಳಿಯುವ ಒಂದು ಇಳಿಜಾರು ಅಲ್ಲಿರುತ್ತದೆ, ಬಾಟಲಿಗೆ ನೀರು ಸುರಿಯಲು ಇಟ್ಟ ಲಾಳಿಕೆಯ ಕೊರಳಿನಂತೆ. 65ರ ಚೇಂಬರಿನಲ್ಲಿ 65ರ ತೋಟಾ ತೆರೆದುಕೊಂಡರೆ ಕವಚದ ಬಾಯಿ ಇಳಿಜಾರಿನ ಅಂಚಿಗೆ ಬಂದು ನಿಲ್ಲುತ್ತದೆ. ಚರೆಯೂ ಅದನ್ನು ಹಿಂದಿನಿಂದ ತಳ್ಳುವ ವ್ಯಾಡ್ ಎಂಬ ಬಿರಡೆಯೂ ಯಾವ ಅಡ್ಡಿಯೂ ಇಲ್ಲದೆ ಮುಂದೆ ಹೋಗುತ್ತವೆ. 70ರ ತೋಟಾ ತೆರೆದುಕೊಂಡಾಗ ಉಳಿದ ಐದು ಮಿಲಿಮೀಟರ್ ಕವಚ ಆ ಕೊರಳಿನೊಳಗೇ ಬಿಚ್ಚಿಕೊಂಡು, ಈಗಾಗಲೇ ಕಿರಿದಾಗಿರುವ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಹಿಂದಿನಿಂದ ಮದ್ದಿನ ಅನಿಲ ಹಿಗ್ಗುತ್ತಿರುವಾಗ ಮುಂದಿನ ಬಾಗಿಲು ಅರ್ಧ ಮುಚ್ಚಿದಂತಾಗಿ ಒತ್ತಡ ಏರುತ್ತದೆ. ಜೊತೆಗೆ, 70ರ ತೋಟಾವನ್ನು ತುಂಬುವುದೇ 70ರ ಕೋವಿ ತಾಳುವ ಒತ್ತಡಕ್ಕೆ. ಬ್ರಿಟನ್ನಿನ 1954ರ ಪ್ರೂಫ್ ನಿಯಮಗಳ ಪ್ರಕಾರ ಎರಡೂವರೆ ಇಂಚಿನ ಚೇಂಬರಿಗೆ ಚದರ ಇಂಚಿಗೆ 3 ಟನ್, ಎರಡೂಮುಕ್ಕಾಲು ಇಂಚಿನದಕ್ಕೆ 3¼ ಟನ್. ತಾತನ ಕೋವಿಯ ಮೇಲಿದ್ದದ್ದು 3. ಹಾಗಾಗಿ ಉದ್ದದಿಂದ ಬರುವ ಒತ್ತಡ ಒಂದು, ತುಂಬಿದ್ದರಿಂದ ಬರುವ ಒತ್ತಡ ಇನ್ನೊಂದು, ಎರಡೂ ಒಂದೇ ಕಡೆಗೆ ಸೇರುತ್ತವೆ.

ಇಂಥ ಕೋವಿಯಲ್ಲಿ 70 ಹಾಕಿ ಹೊಡೆದು ಏನೂ ಆಗದ ಉದಾಹರಣೆಗಳು ಊರಲ್ಲಿ ಸಿಗುತ್ತವೆ, ಹುಡುಗನೂ ಎರಡು ಹೇಳಿದ. ನಾನು ಅವನ್ನು ಅಲ್ಲಗಳೆಯಲಿಲ್ಲ. ಪ್ರೂಫ್ ಪರೀಕ್ಷೆಯಲ್ಲಿ ನಳಿಗೆಗೆ ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟೇ ಮುದ್ರೆ ಒತ್ತುವುದರಿಂದ, ಮೊದಲ ಈಡಿಗೇ ನಳಿಗೆ ಸಿಡಿಯಬೇಕೆಂದೇನೂ ಇಲ್ಲ. ಹಾನಿ ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ: ಹೆಗಲಿಗೆ ಒದೆತ ಜೋರಾಗುತ್ತದೆ, ಹಾರಿದ ತೋಟಾದ ಬಾಯಿ ಹರಿದು ನೂಲುನೂಲಾಗಿ ಹೊರಬರುತ್ತದೆ, ವರ್ಷಗಳಲ್ಲಿ ಕೀಲು ಸಡಿಲವಾಗಿ ನಳಿಗೆಗೂ ಹಿಂಬದಿಯ ಗೋಡೆಗೂ ನಡುವೆ ಬೆಳಕು ಕಾಣತೊಡಗುತ್ತದೆ, ಮರದ ಹಿಡಿ ಕೊರಳಿನ ಬಳಿ ಸೀಳುತ್ತದೆ. ಅಷ್ಟರಲ್ಲಿ ನಳಿಗೆಯ ಒಳಗೆ ತುಕ್ಕಿನ ಗುಳಿಯೊಂದು ಇದ್ದರೆ, ಅರವತ್ತು ಮಳೆಗಾಲ ಕಂಡ ಕೋವಿಯಲ್ಲಿ ಅದು ಇರುವ ಸಂಭವ ಹೆಚ್ಚು, ಯಾವ ಈಡು ಕೊನೆಯದಾದೀತು ಎಂದು ಲೆಕ್ಕ ಹಾಕಲು ನನ್ನಿಂದಾಗದು.

ಮುದ್ರೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಎರಡೂವರೆ ಇಂಚಿನ ಎಷ್ಟೋ ಬ್ರಿಟಿಷ್ ಕೋವಿಗಳ ಚೇಂಬರನ್ನು ಯಾರೋ ಮುಂದೆ ಕೊರೆದು 70 ಮಾಡಿರುತ್ತಾರೆ. ಹೊಸದಾಗಿ ಪ್ರೂಫ್ ಮಾಡಿಸದಿದ್ದರೆ ಹಳೆಯ ಮುದ್ರೆಯೇ ಉಳಿದಿರುತ್ತದೆ. ಆದ್ದರಿಂದ ಗೇಜ್ ಇಟ್ಟು ಅಳೆಯಬಲ್ಲ ರಿಪೇರಿಯವರ ಬಳಿಗೆ ಕೋವಿಯನ್ನು ಒಯ್ಯುವಂತೆ ಹೇಳಿದೆ. ಅವರು ಅಳೆದಾಗ ಎರಡೂ ಚೇಂಬರುಗಳು 65 ಇದ್ದವು, ಯಾರೂ ಕೈಯಾಡಿಸಿರಲಿಲ್ಲ. ಅದೇ ಸಲ ನಳಿಗೆಯ ತುದಿಯ ಬಿಗಿತವನ್ನೂ ಅಳೆಸಿದೆವು: ಬಲ ನಳಿಗೆ ಕಾಲು ಚೋಕ್, ಎಡ ನಳಿಗೆ ಅರ್ಧ ಚೋಕ್. ಎಂದರೆ ತುದಿಯಲ್ಲಿ ನಳಿಗೆ ಕ್ರಮವಾಗಿ ಇಂಚಿನ ಸಾವಿರದ ಹತ್ತು ಮತ್ತು ಇಪ್ಪತ್ತು ಭಾಗದಷ್ಟು ಕಿರಿದಾಗಿದೆ. ಎರಡನೆಯ ಪ್ರಶ್ನೆಗೆ ಈ ಅಳತೆ ಬೇಕಾಗುತ್ತದೆ.

ಚರೆಯ ಲೆಕ್ಕ

ಹುಡುಗ ಎಲ್‌ಜಿ ಕೊಂಡದ್ದಕ್ಕೆ ಕಾರಣ ಕೇಳಿದೆ. ದೊಡ್ಡ ಚರೆ, ಜೋರು ಪೆಟ್ಟು, ಕಾಯಿ ಒಡೆಯುತ್ತದೆ ಎಂದ. ಬಿಬಿ ಯಾಕೆ ಎಂದರೆ, ಎಲ್‌ಜಿ ತಪ್ಪಿದರೆ ಇರಲಿ ಎಂದ. ಇಷ್ಟರ ಮೇಲೆ, ನ್ಯೂಜೆರ್ಸಿಯಲ್ಲಿರುವ ಅವನ ದೊಡ್ಡಪ್ಪನ ಮಗ ವಿಡಿಯೊ ಕಾಲಿನಲ್ಲಿ ‘ನಂಬರ್ 6 ತಗೋ, ಔನ್ಸಿಗೆ 225 ಚರೆ ಬರುತ್ತೆ’ ಎಂದಿದ್ದನಂತೆ. ಹುಡುಗ ತಾತನ ಹಳೆಯ ಪುಸ್ತಕದಲ್ಲಿ ನಂಬರ್ 6ಕ್ಕೆ 270 ಎಂದು ಓದಿ, ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆ ಎಂದುಕೊಂಡಿದ್ದ.

ಇಬ್ಬರೂ ಸರಿಯೇ. ನಮ್ಮಲ್ಲಿ ನಡೆಯುವುದು ಇಂಗ್ಲಿಷ್ ಪದ್ಧತಿ, ಅಮೆರಿಕದ್ದು ಬೇರೆ. ಇಂಗ್ಲಿಷ್ ಪಟ್ಟಿಯಲ್ಲಿ 6 ಎಂದರೆ 2.6 ಮಿಲಿಮೀಟರ್ ಚರೆ, ಔನ್ಸಿಗೆ 270. ಅಮೆರಿಕದ 6 ಎಂದರೆ 2.8 ಮಿಲಿಮೀಟರ್, ಔನ್ಸಿಗೆ 225. ಅದು ನಮ್ಮ 5ಕ್ಕೆ, ಎಂದರೆ ಔನ್ಸಿಗೆ 220ರದ್ದಕ್ಕೆ, ಹತ್ತಿರದ್ದು. ನಮ್ಮ ಬಿಬಿ 4.1 ಮಿಲಿಮೀಟರ್, ಔನ್ಸಿಗೆ 70. ಅವರ ಬಿಬಿ 4.57 ಮಿಲಿಮೀಟರ್, ಔನ್ಸಿಗೆ 50. ಅಮೆರಿಕದವರಿಗೆ ಒಂದು ಸುಲಭ ಸೂತ್ರವಿದೆ: ಹದಿನೇಳರಿಂದ ಚರೆಯ ನಂಬರನ್ನು ಕಳೆದರೆ ಉಳಿದದ್ದು ಇಂಚಿನ ನೂರನೆಯ ಭಾಗದಲ್ಲಿ ಅಡ್ಡಗಲ, 6ಕ್ಕೆ 11, 8ಕ್ಕೆ 9. ನಮ್ಮ ಪೆಟ್ಟಿಗೆಯ ಮೇಲೆ ಈ ಸೂತ್ರ ಹಾಕಿದರೆ ಲೆಕ್ಕ ತಪ್ಪುತ್ತದೆ. ದೊಡ್ಡ ಚರೆಗಳಲ್ಲಿ ಹೆಸರು ಬೇರೆಯಾದರೂ ಗಾತ್ರ ಕೂಡಿಬರುತ್ತದೆ: 8.4 ಮಿಲಿಮೀಟರಿನ ನಮ್ಮ ಎಸ್‌ಜಿ ಅವರ ಎರಡು ಸೊನ್ನೆಯ ಬಕ್‌ಶಾಟ್, 9.1 ಮಿಲಿಮೀಟರಿನ ನಮ್ಮ ಎಲ್‌ಜಿ ಅವರ ಮೂರು ಸೊನ್ನೆ.

ಚರೆಯ ಸಂಖ್ಯೆ ಗಾತ್ರಕ್ಕೆ ತಕ್ಕಂತೆ ಇಳಿಯುವ ವೇಗವನ್ನು ಕಂಡರೆ ಯಾರಿಗೂ ಮೊದಲು ಅಚ್ಚರಿಯಾಗುತ್ತದೆ. ಅಡ್ಡಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಆದ್ದರಿಂದ ಅದೇ ತೂಕದಲ್ಲಿ ಸಂಖ್ಯೆ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ನಂಬರ್ 6ರ ಒಂದು ಚರೆ 0.1 ಗ್ರಾಮಿಗಿಂತ ಕೊಂಚ ಹೆಚ್ಚು, ಎಲ್‌ಜಿಯ ಒಂದು ಚರೆ ಸುಮಾರು 4.5 ಗ್ರಾಂ, ಒಂದು ಎಲ್‌ಜಿಯ ತೂಕಕ್ಕೆ ನಲವತ್ತಮೂರು ನಂಬರ್ 6 ಬೇಕು. ಎರಡೂವರೆ ಇಂಚಿನ ಕೋವಿಗೆ ವಾಡಿಕೆಯಾದ ತುಂಬುವಿಕೆ 30 ಗ್ರಾಂ, ಎಂದರೆ ಒಂದು ಔನ್ಸಿನ ಮೇಲೆ ಹದಿನಾರನೆಯ ಒಂದು ಭಾಗ. ಇಷ್ಟರಲ್ಲಿ ನಂಬರ್ 6 ಆದರೆ 287 ಚರೆ, ನಂಬರ್ 4 ಆದರೆ 181, ಬಿಬಿ ಆದರೆ 74.

ಎಲ್‌ಜಿ, ಎಸ್‌ಜಿಗಳ ವಿಷಯದಲ್ಲಿ ಸಂಖ್ಯೆಯನ್ನು ತೀರ್ಮಾನಿಸುವುದು ತೂಕವೊಂದೇ ಅಲ್ಲ. ಡಬ್ಬಿಯಲ್ಲಿ ಲಾಡು ಜೋಡಿಸಿದಂತೆ ಜಾಗವೂ ತೀರ್ಮಾನಿಸುತ್ತದೆ. 8.4 ಮಿಲಿಮೀಟರಿನ ಮೂರು ಗೋಲಿಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಅವನ್ನು ಸುತ್ತುವರಿಯುವ ವೃತ್ತದ ಅಡ್ಡಗಲ 18.1 ಮಿಲಿಮೀಟರ್. 12 ಬೋರಿನ 18.5ರಲ್ಲಿ ಅದು ಹಿಡಿಯುತ್ತದೆ. ಹಾಗಾಗಿ ಎಸ್‌ಜಿ ಪದರಕ್ಕೆ ಮೂರರಂತೆ ಮೂರು ಪದರ, ಒಂಬತ್ತು ಚರೆಯಾಗಿ ಕೂರುತ್ತದೆ. 9.1ರ ಮೂರಕ್ಕೆ 19.6 ಬೇಕು, ಅದು ಹಿಡಿಯದು. ಎಲ್‌ಜಿ ಪದರಕ್ಕೆ ಎರಡರಂತೆ ಮೂರು ಪದರ, ಆರು. ಇನ್ನು ಅರ್ಧ ಚೋಕಿನ ತುದಿಯಲ್ಲಿ ನಳಿಗೆ 18 ಮಿಲಿಮೀಟರಿಗೆ ಇಳಿದಿರುತ್ತದೆ, ಅಲ್ಲಿ ಪಕ್ಕಪಕ್ಕದ ಎರಡು ಎಲ್‌ಜಿಗೆ ಬೇಕಾದ 18.2 ಸಿಗುವುದಿಲ್ಲ. ಸೀಸ ಮೆತ್ತನೆಯದಾದ್ದರಿಂದ ಚರೆಗಳು ಒಂದನ್ನೊಂದು ಒತ್ತಿ, ಚಪ್ಪಟೆಯಾಗಿ, ಮುಂದೆ ಹಿಂದೆ ಸರಿದು ಹೊರಬೀಳುತ್ತವೆ. ಚಪ್ಪಟೆಯಾದ ಚರೆ ನೇರ ಹೋಗದು. ಚೋಕ್ ಬಿಗಿಯಾದಷ್ಟೂ ಎಲ್‌ಜಿ ಗುಂಪಾಗಿ ಹೋಗುತ್ತದೆ ಎಂಬ ಊರಿನ ನಂಬಿಕೆಗೆ ಈ ಅಳತೆಗಳು ಸಮ್ಮತಿ ಕೊಡುವುದಿಲ್ಲ.

ಈಗ ತೆಂಗಿನಕಾಯಿ. ನಮ್ಮ ಸ್ಪರ್ಧೆಯಲ್ಲಿ 12 ಬೋರಿಗೆ ದೂರ 30 ಮೀಟರ್. ಕಾಯಿ ಒಡೆದರೆ ಮಾತ್ರ ಲೆಕ್ಕ, ಬರಿಯ ತೂತು ಬಿದ್ದರೆ ಇಲ್ಲ. ಕೋವಿಯ ಚರೆ ಹರಡುವುದನ್ನು ಅಳೆಯುವ ರೂಢಿ ಹೀಗೆ: 30 ಇಂಚು ಅಡ್ಡಗಲದ ವೃತ್ತದೊಳಗೆ ನೂರಕ್ಕೆ ಎಷ್ಟು ಚರೆ ಬಿತ್ತು ಎಂದು ಎಣಿಸುವುದು. 40 ಗಜದಲ್ಲಿ ಪೂರ್ಣ ಚೋಕ್ 70, ಅರ್ಧ ಚೋಕ್ 60, ಕಾಲು ಚೋಕ್ 55, ಚೋಕ್ ಇಲ್ಲದ ನಳಿಗೆ 40 ಎಂದು ಅಂಗೀಕೃತ ಅಂಕಿ. 30 ಗಜಕ್ಕೆ ಬಂದರೆ ಅರ್ಧ ಚೋಕಿನದು 83ಕ್ಕೆ, ಕಾಲು ಚೋಕಿನದು 77ಕ್ಕೆ ಏರುತ್ತದೆ. ಸುಲಿದ ಕಾಯಿಯ ಅಡ್ಡಗಲವನ್ನು 12 ಸೆಂಟಿಮೀಟರ್ ಎಂದು ಹಿಡಿದರೆ, 76 ಸೆಂಟಿಮೀಟರಿನ ಆ ವೃತ್ತದಲ್ಲಿ ಅದು ಆಕ್ರಮಿಸುವುದು ನಲವತ್ತನೆಯ ಒಂದು ಭಾಗ.

ಗುರಿ ತಪ್ಪದೆ ಹೊಡೆದಿದ್ದಾನೆ ಎಂದಿಟ್ಟುಕೊಂಡು ಎಡ ನಳಿಗೆಯ ಲೆಕ್ಕ ಮಾಡಿದೆವು. ನಂಬರ್ 6ರ 287ರಲ್ಲಿ 238 ಚರೆ ವೃತ್ತದೊಳಗೆ. ಅದರಲ್ಲಿ ಕಾಯಿಯ ಪಾಲಿಗೆ ಆರು. ನಂಬರ್ 4ರಲ್ಲಿ ನಾಲ್ಕಕ್ಕೆ ಕೊಂಚ ಕಡಿಮೆ. ಬಿಬಿಯಲ್ಲಿ ಒಂದೂವರೆ. ಎಸ್‌ಜಿಯಲ್ಲಿ ಐದು ಈಡಿಗೆ ಒಂದು ಚರೆ, ಎಲ್‌ಜಿಯಲ್ಲಿ ಎಂಟು ಈಡಿಗೆ ಒಂದು. ಹುಡುಗ ಈ ಕೊನೆಯ ಅಂಕಿಯನ್ನು ತಾನೇ ಎರಡು ಸಲ ಗುಣಿಸಿ ನೋಡಿದ. ಜೋರು ಪೆಟ್ಟಿನ ಆಸೆಯಿಂದ ಅವನು ಕೊಂಡ ತೋಟಾ, ಕಣ್ಣು ಕೈ ಎರಡೂ ನೆಟ್ಟಗಿದ್ದರೂ, ಎಂಟರಲ್ಲಿ ಏಳು ಸಲ ಕಾಯಿಯ ಸುತ್ತಲ ಗಾಳಿಯನ್ನು ಮಾತ್ರ ಹೊಡೆಯುವಂಥದ್ದಾಗಿತ್ತು. ಬಿಬಿಯಲ್ಲೂ ಒಂದೂವರೆ ಎಂಬುದು ಸರಾಸರಿ. ಕೆಲವು ಸಲ ಮೂರು ತಾಗುತ್ತವೆ, ಐದಕ್ಕೆ ಒಂದು ಸಲ ಒಂದೂ ತಾಗುವುದಿಲ್ಲ.

ಈ ಅಂಕಿಗಳಿಗೆ ಎರಡು ತಿದ್ದುಪಡಿ ಸೇರಿಸಬೇಕು. 30 ಮೀಟರ್ ಎಂದರೆ 33 ಗಜ, ಆದ್ದರಿಂದ ಎಲ್ಲವೂ ಕೊಂಚ ಇಳಿಯುತ್ತವೆ. ಚರೆ ವೃತ್ತದೊಳಗೆ ಸಮವಾಗಿ ಹರಡದೆ ನಡುವೆ ದಟ್ಟವಾಗಿ, ಅಂಚಿಗೆ ವಿರಳವಾಗಿ ಬೀಳುತ್ತದೆ, ಆದ್ದರಿಂದ ನಡುವಿನ ಕಾಯಿಗೆ ಕೊಂಚ ಏರುತ್ತವೆ. ಒಂದು ಇನ್ನೊಂದನ್ನು ಹೆಚ್ಚುಕಡಿಮೆ ಸರಿದೂಗಿಸುತ್ತದೆ ಎಂದು ನಾನು ಭಾವಿಸುತ್ತೇನೆ. ಚರೆಗಳ ನಡುವಿನ ಅನುಪಾತವಂತೂ ಬದಲಾಗದು.

ಹಾಗಾದರೆ ನಂಬರ್ 6 ಎಂದು ತೀರ್ಮಾನಿಸಬಹುದಿತ್ತು, ಆದರೆ ತಾಗುವುದೂ ಒಡೆಯುವುದೂ ಒಂದೇ ಅಲ್ಲ. ನಳಿಗೆಯ ಬಾಯಿಂದ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ನಂಬರ್ 6ರ ಒಂದು ಚರೆಯ ಶಕ್ತಿ ಸುಮಾರು 8 ಜೂಲ್. ಅದೇ ವೇಗದ ಬಿಬಿಗೆ 33 ಜೂಲ್. ಹಗುರ ಚರೆಯನ್ನು ಗಾಳಿ ಬೇಗ ತಡೆಯುವುದರಿಂದ 30 ಮೀಟರ್ ದಾಟುವಷ್ಟರಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ತೆಂಗಿನ ಚಿಪ್ಪು ಹಕ್ಕಿಯ ಗರಿಯಲ್ಲ. ಆರು ಸಣ್ಣ ಚರೆಗಳು ಚಿಪ್ಪಿನಲ್ಲಿ ಕೂತು ಉಳಿದು, ಕಾಯಿ ನೇತಾಡುತ್ತಲೇ ಇರುವುದನ್ನು ನಾನು ಹಿಂದಿನ ವರ್ಷಗಳಲ್ಲಿ ಕಂಡಿದ್ದೇನೆ. ತಾಗುವ ಖಚಿತತೆ, ಪೆಟ್ಟಿನ ಬಲ ಇವೆರಡೂ ಒಂದನ್ನೊಂದು ತಿನ್ನುವ ಇಂಥ ಕಡೆ ನಡುವಿನದೇ ಗತಿ. ನನ್ನ ಮಟ್ಟಿಗೆ ಅದು ನಂಬರ್ 4. ತಾತ ತೆಗೆದಿಟ್ಟಿದ್ದ ಹಳೆಯ ಪೆಟ್ಟಿಗೆಯ ಬಿಲ್ಲೆಯ ಮೇಲೂ ಅದೇ ಅಂಕಿ ಇತ್ತು ಎಂಬುದನ್ನು ಹುಡುಗನೇ ಗಮನಿಸಿ ಹೇಳಿದ.

ಆದರೂ ಆ ಪೆಟ್ಟಿಗೆ ಹಾರಿಸುವಂತಿರಲಿಲ್ಲ. ಉದ್ದ ಸರಿ, ಚರೆ ಸರಿ, ಕಾಗದ ಉಬ್ಬಿತ್ತು. ತೇವ ಹಿಡಿದ ತೋಟಾದ ಕೇಪು ಹತ್ತಿ ಮದ್ದು ಪೂರ್ತಿ ಉರಿಯದೆ ಹೋದರೆ ವ್ಯಾಡ್ ನಳಿಗೆಯ ಮಧ್ಯದಲ್ಲೇ ನಿಲ್ಲಬಹುದು. ಅದು ಗೊತ್ತಾಗದೆ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಶಬ್ದ ಟುಸ್ಸೆಂದು ಬಂದ ಈಡಿನ ನಂತರ ಕೋವಿ ಮುರಿದು ನಳಿಗೆಯೊಳಗೆ ಬೆಳಕು ನೋಡದೆ ಮುಂದಿನದನ್ನು ತುಂಬಬಾರದು ಎಂದು ನಮ್ಮ ಮೇಜಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿಟ್ಟಿರುವುದು ಇದಕ್ಕೇ.

ಹಬ್ಬದ ದಿನ

65ರ ನಂಬರ್ 4 ತೋಟಾ ಹಬ್ಬದೊಳಗೆ ಸಿಗಲಿಲ್ಲ. ಹಾಗಾಗಿ ತಾತನ ಕೋವಿ ಆ ವರ್ಷ ದೇವರ ಕೋಣೆಯಲ್ಲಿಯೇ ಉಳಿದು, ಒಡಿಕತ್ತಿ ಪೀಚೆಕತ್ತಿಗಳ ಪಕ್ಕದಲ್ಲಿ ಗಂಧ ಹಚ್ಚಿಸಿಕೊಂಡು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿಕೊಂಡು ಪೂಜೆ ಪಡೆಯಿತು. ಹುಡುಗ ಮೈದಾನಕ್ಕೆ ಬಂದು ಸಂಘದ ಕೋವಿಯಲ್ಲಿ ಹೊಡೆದ. ಅದರ ಚೇಂಬರ್ 70, ತೋಟಾ 70, ಚರೆ ನಂಬರ್ 4.

ಅದೇ ಬೆಳಿಗ್ಗೆ ಮೇಜಿನ ಬಳಿ ನಡೆದ ಇನ್ನೊಂದು ಸಂಗತಿಯನ್ನು ಈ ಪ್ರಕರಣದೊಂದಿಗೆ ದಾಖಲಿಸಬೇಕು, ಏಕೆಂದರೆ ಉದ್ದದ ತಪ್ಪಿಗಿಂತ ಇದು ಎಷ್ಟೋ ಅಪಾಯದ್ದು. ಪಕ್ಕದ ಊರಿನವರೊಬ್ಬರು 20 ಬೋರ್ ಕೋವಿ ತಂದಿದ್ದರು, ಅವರ ಜೇಬಿನಲ್ಲಿ 20 ಬೋರಿನ ತೋಟಾಗಳ ಜೊತೆ ಅಣ್ಣನಿಗೆಂದು ತಂದ ನಾಲ್ಕು 12 ಬೋರಿನವೂ ಇದ್ದವು. 20 ಬೋರ್ ತೋಟಾದ ತಳದ ಅಂಚು ಸುಮಾರು 19.4 ಮಿಲಿಮೀಟರ್. 12 ಬೋರಿನ ಚೇಂಬರ್ 20 ಮಿಲಿಮೀಟರಿಗಿಂತ ಅಗಲ, ಮುಂದಿನ ನಳಿಗೆ 18.5. ಆದ್ದರಿಂದ ಆ ತೋಟಾ 12 ಬೋರಿನ ಕೋವಿಗೆ ಬಿದ್ದರೆ ಚೇಂಬರಿನಲ್ಲಿ ನಿಲ್ಲದೆ ಜಾರಿ, ಇಳಿಜಾರಿನಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಹಿಂದಿನಿಂದ ನೋಡಿದವನಿಗೆ ಚೇಂಬರ್ ಖಾಲಿ ಕಾಣುತ್ತದೆ. ತುಂಬುವುದು ಮರೆತೆನೆಂದು 12 ಬೋರಿನದೊಂದನ್ನು ಹಾಕುತ್ತಾನೆ. ಅದೂ ಸರಿಯಾಗಿ ಕೂರುತ್ತದೆ. ಹಿಂದಿನದು ಹಾರಿದಾಗ ಮುಂದಿನದು ನಳಿಗೆಗೆ ಹೊಡೆದ ಬೆಣೆಯಂತಾಗಿ, ಎಡಗೈ ಹಿಡಿದಿರುವ ಜಾಗದಲ್ಲೇ ನಳಿಗೆ ಸಿಡಿಯುತ್ತದೆ. ಅಮೆರಿಕದಲ್ಲಿ 20 ಬೋರಿನ ಕವಚಕ್ಕೆ ಹಳದಿ ಬಣ್ಣ ಕೊಡುವ ವಾಡಿಕೆ ಬಂದದ್ದು ಈ ಭಯದಿಂದಲೇ. ನಾವು ಅವರ ಜೇಬು ಖಾಲಿ ಮಾಡಿಸಿ, 12 ಬೋರಿನ ನಾಲ್ಕನ್ನು ಅಣ್ಣನ ಕೈಗೆ ಕೊಡಿಸಿ, ಆ ಮೇಲೆ ಕೋವಿಗೆ ಚೀಟಿ ಕಟ್ಟಿದೆವು. ಅವರಿಗೆ ಸಿಟ್ಟು ಬಂತು.

ಹುಡುಗನ ಮೊದಲ ಈಡಿಗೆ ಕಾಯಿ ಗಿರನೆ ತಿರುಗಿತು, ಒಡೆಯಲಿಲ್ಲ. ಅವನು ಮುಂದಿನ ಟ್ರಿಗರ್ ಎಳೆದಿದ್ದ, ಸಂಘದ ಕೋವಿಯಲ್ಲಿ ಅದು ಸಡಿಲ ಚೋಕಿನ ಬಲ ನಳಿಗೆ. ಎರಡನೆಯದನ್ನು ಹಿಂದಿನ ಟ್ರಿಗರಿನಿಂದ ಹೊಡೆದ, ಕಾಯಿ ಎರಡು ಹೋಳಾಯಿತು. ಬಹುಮಾನ ಮಾತ್ರ ಮೂರಕ್ಕೆ ಮೂರು ಒಡೆದ ಅವನ ಚಿಕ್ಕಮ್ಮನಿಗೆ ಹೋಯಿತು. ಕೆಳಗೆ ಬಿದ್ದ ಹೋಳುಗಳನ್ನು ಹುಡುಗ ನನ್ನ ಮೇಜಿಗೆ ತಂದು ಚರೆಯ ಗುರುತುಗಳನ್ನು ಎಣಿಸಲು ಕೂತ, ಆದರೆ ಮೊದಲ ಈಡಿನವು ಯಾವುವು, ಎರಡನೆಯದರವು ಯಾವುವು ಎಂದು ಬೇರ್ಪಡಿಸಲು ಆಗಲಿಲ್ಲ.

ಹಬ್ಬ ಕಳೆದ ಮೇಲೆ ತೆರೆಯದ ಎಲ್‌ಜಿ, ಬಿಬಿ ಪೆಟ್ಟಿಗೆಗಳೂ ಉಬ್ಬಿದ ಕಾಗದದ ತೋಟಾಗಳೂ ಅಂಗಡಿಗೆ ಹಿಂದಿರುಗಿದವು, ದಾಖಲೆಯ ಪುಸ್ತಕದಲ್ಲಿ ಬರೆಸಿದ ಮೇಲೆ. ಚೇಂಬರನ್ನು 70ಕ್ಕೆ ಕೊರೆಸಿಬಿಟ್ಟರೆ ಹೇಗೆ ಎಂದು ಹುಡುಗ ಕೇಳಿದ್ದಕ್ಕೆ ರಿಪೇರಿಯವರು, ಕೊರೆದರೆ ಉದ್ದದ ತೊಡಕು ಹೋಗುತ್ತದೆ, ಆದರೆ ಆ ಜಾಗದ ಗೋಡೆ ತೆಳುವಾಗುತ್ತದೆ, 3 ಟನ್ ಎಂಬುದು 3 ಟನ್ ಆಗಿಯೇ ಉಳಿಯುತ್ತದೆ ಎಂದರು. ಅವನು ಕೊರೆಸಲಿಲ್ಲ. ಕೋವಿಯ ಚೀಲದ ಮೇಲೆ ಈಗ ಬಿಳಿ ಬಣ್ಣದಲ್ಲಿ ‘12 ಬೋರ್, 65 ಮಿಮೀ ಮಾತ್ರ’ ಎಂದು ಕನ್ನಡದಲ್ಲಿ ಬರೆದಿದೆ. ಅಂಗಡಿಯಲ್ಲಿ 65ರ ನಂಬರ್ 4 ಎರಡು ಪೆಟ್ಟಿಗೆಗೆ ಹೇಳಿಟ್ಟಿದ್ದಾನೆ.